ಇತ್ತೀಚೆಗೆ ಥಿಯೇಟರ್‌ನಲ್ಲಿ, ಮನೆಯಲ್ಲಿ ನೋಡಿದ ಸಿನಿಮಾಗಳು ಹೇಗಿದ್ದವು? ಯಾವುದಕ್ಕೆ ಟಿಕೆಟ್ ದುಡ್ಡು ಕೊಡಬಹುದು?

ತಿಂಗಳಿಗೆ ಒಂದೇ ಸಿನಿಮಾಗೆ ಥಿಯೇಟರ್‌ಗೆ ಹೋಗಲು ಆಗುತ್ತದೆ, ಉಳಿದದ್ದೆಲ್ಲ ಮನೆಯಲ್ಲೇ, ಹಾಗಾಗಿ ಯಾವುದನ್ನು ಎಲ್ಲಿ ನೋಡಲಿ ಅಂತ ಕೇಳಿದ್ದೀರಿ. ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಒಂದೇ. ದೊಡ್ಡ ಬಜೆಟ್ಟಿನದ್ದು ಥಿಯೇಟರ್‌ನಲ್ಲಿ, ಸಣ್ಣದಕ್ಕೆ ಓಟಿಟಿ ಸಾಕು. ನನಗೆ ಇದು ಸರಿ ಅನ್ನಿಸುವುದಿಲ್ಲ. ಕಳೆದ ಒಂದೆರಡು ವರ್ಷ ನೋಡಿದ್ದನ್ನು ನೆನಪಿಸಿಕೊಂಡರೆ, ಥಿಯೇಟರ್ ಜಾಸ್ತಿ ಬೇಕಾಗಿದ್ದದ್ದು ಸಣ್ಣ ಸಿನಿಮಾಗಳಿಗೇ.

ಮೊದಲು 'ಸು ಫ್ರಮ್ ಸೋ' ಬಗ್ಗೆ ಹೇಳುತ್ತೇನೆ. 2025ರ ಜುಲೈ 25ಕ್ಕೆ ಬಿಡುಗಡೆಯಾಯಿತು. ಜೆ. ಪಿ. ತುಮಿನಾಡು ಅವರೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು, ಜೊತೆಗೆ ಗುರೂಜಿಯಾಗಿ ಬರುತ್ತಾರೆ. ಕರಾವಳಿಯ ಒಂದು ಹಳ್ಳಿ. ಅಶೋಕ ಒಂದು ಕಡೆ ಸಿಕ್ಕಿಬೀಳುವ ಪರಿಸ್ಥಿತಿ ಬಂದಾಗ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರಿನವರು ಅದನ್ನು ಸೋಮೇಶ್ವರದ ಸುಲೋಚನಾ ಅನ್ನುವ ಹೆಂಗಸಿನ ದೆವ್ವ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅಲ್ಲಿಂದ ಶುರು.

ನಾನು ನೋಡಿದ್ದು ನಮ್ಮ ಏರಿಯಾದ ಸಿಂಗಲ್ ಸ್ಕ್ರೀನ್‌ನಲ್ಲಿ, ಭಾನುವಾರದ ಸೆಕೆಂಡ್ ಶೋ, ಬಾಲ್ಕನಿ. ಹೌಸ್‌ಫುಲ್. ಜನ ನಗುವುದಕ್ಕೆ ಶುರು ಮಾಡಿದರೆ ಮುಂದಿನ ಮೂರು ಡೈಲಾಗ್ ಕೇಳಿಸುತ್ತಿರಲಿಲ್ಲ. ಯಾರಿಗೂ ಅದರಿಂದ ಬೇಜಾರೂ ಇರಲಿಲ್ಲ. ಶನೀಲ್ ಗೌತಮ್ ಅವರ ರವಿಯಣ್ಣ ಸುಮ್ನೆ ನಡೆದುಕೊಂಡು ಬಂದರೆ ಸಾಕು, ನಗು ಏಳುತ್ತಿತ್ತು. ನನ್ನ ಹಿಂದಿನ ಸಾಲಿನಲ್ಲಿ ಉತ್ತರ ಕರ್ನಾಟಕದ ಕಡೆಯ ಹುಡುಗರು ಕೂತಿದ್ದರು. ಮಂಗಳೂರು ಕನ್ನಡದ ಕೆಲವು ಮಾತು ಅರ್ಥವಾಗದೆ 'ಏನಂದ್ರಲೇ?' ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಆದರೂ ಎಲ್ಲರಿಗಿಂತ ಮೊದಲು ನಗುತ್ತಿದ್ದವರು ಅವರೇ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ನಗುವಿನ ವಿಷಯ ಮಾತ್ರ ಅಲ್ಲ. ಸುಲೋಚನಾ ಅನ್ನುವ ಹೆಸರು ಬಂದಾಗಲೆಲ್ಲ ಇಡೀ ಥಿಯೇಟರ್ ನಗುತ್ತಿತ್ತು. ಆಮೇಲೆ ಅವಳ ಮಗಳು ಭಾನು ಬರುತ್ತಾಳೆ. ಸಂಧ್ಯಾ ಅರಕೆರೆ ಆ ಪಾತ್ರ ಮಾಡಿದ್ದಾರೆ. ಅಮ್ಮನನ್ನು ಕಳೆದುಕೊಂಡ ಹೆಣ್ಣುಮಗಳು, ಮನೆಯೊಳಗೇ ಹಿಂಸೆ ಅನುಭವಿಸುತ್ತಿರುವವಳು. ಅವಳು ಈ ಊರಿಗೆ ಬಂದು ತನ್ನ ಅಮ್ಮನೇ ಅಂತ ನಂಬಿ ಅಶೋಕನ ಮುಂದೆ ನಿಲ್ಲುತ್ತಾಳೆ. ಆಗ ಬಾಲ್ಕನಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಅಷ್ಟು ಹೊತ್ತು ನಾವು ಯಾರ ಹೆಸರು ಹಿಡಿದು ನಗುತ್ತಿದ್ದೆವೋ ಅವಳು ಒಬ್ಬ ಹುಡುಗಿಯ ಅಮ್ಮ ಅನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಊರಿನವರ ಜೊತೆ ನಾವೂ ಸೇರಿಕೊಂಡಿದ್ದೆವು ಅಲ್ವಾ, ಅದಕ್ಕೇ ಆ ಮೌನ ಅಷ್ಟು ಗಟ್ಟಿಯಾಗಿತ್ತು.

ಸೆಪ್ಟೆಂಬರ್‌ನಲ್ಲಿ ಜಿಯೋಹಾಟ್‌ಸ್ಟಾರ್‌ಗೆ ಬಂದಾಗ ಮನೆಯವರ ಜೊತೆ ಮತ್ತೆ ನೋಡಿದೆ. ಕೇಳಿಸದೇ ಹೋಗಿದ್ದ ಡೈಲಾಗ್‌ಗಳೆಲ್ಲ ಸಿಕ್ಕವು, ಅದೊಂದು ಲಾಭ. ಆದರೆ ನಮ್ಮ ಅಕ್ಕ 'ಸೆಕೆಂಡ್ ಹಾಫ್ ಸ್ವಲ್ಪ ಎಳೀತಾರೆ' ಅಂದಳು. ಅವಳು ಹೇಳಿದ್ದು ತಪ್ಪಲ್ಲ. ಮನೆಯಲ್ಲಿ ಐದು ಜನ ಕೂತು ಮುಗುಳ್ನಕ್ಕರೆ ಆ ಮೌನ ಹುಟ್ಟುವುದೇ ಇಲ್ಲ. ನಗು ದೊಡ್ಡದಾಗಿದ್ದರೆ ತಾನೇ ಅದು ನಿಂತದ್ದು ಗೊತ್ತಾಗುವುದು?

ಇದರ ಪಕ್ಕದಲ್ಲೇ ಇಡಬೇಕಾದ ಸಿನಿಮಾ 'ಮಿಥ್ಯ'. ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆಯ ನಿರ್ಮಾಣ, 2025ರ ಮಾರ್ಚ್‌ನಲ್ಲಿ ಥಿಯೇಟರ್‌ಗೆ ಬಂತು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈನಿಂದ ಉಡುಪಿ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಆತಿಶ್ ಶೆಟ್ಟಿ ಅನ್ನುವ ಹುಡುಗ ಆ ಪಾತ್ರ ಮಾಡಿದ್ದಾನೆ. ಅವನು ಅಳುವುದಿಲ್ಲ, ಹೆಚ್ಚು ಮಾತಾಡುವುದಿಲ್ಲ. ಅವನ ಮುಖವನ್ನು ನೋಡುತ್ತಾ ನಾವೇ ಅರ್ಥ ಮಾಡಿಕೊಳ್ಳಬೇಕು. ಸಾಕಿಕೊಳ್ಳುವ ಚಿಕ್ಕಪ್ಪನಾಗಿ ಪ್ರಕಾಶ್ ತುಮಿನಾಡು ಇದ್ದಾರೆ. 'ಸು ಫ್ರಮ್ ಸೋ'ನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಅದೇ ಪ್ರಕಾಶ್ ಇಲ್ಲಿ ದನಿ ಏರಿಸದೆ, ಹುಡುಗನ ಹತ್ತಿರ ಹೋಗಲೋ ಬೇಡವೋ ಅಂತ ಅನುಮಾನಿಸುತ್ತಾ ನಿಲ್ಲುತ್ತಾರೆ. ಈ ಎರಡು ಸಿನಿಮಾ ಒಂದರ ಹಿಂದೆ ಒಂದು ನೋಡಿ, ಅವರೆಂಥ ನಟ ಅಂತ ತಿಳಿಯುತ್ತದೆ. ಅವರ ಬಗ್ಗೆ ಇನ್ನೂ ಜಾಸ್ತಿ ಮಾತು ನಡೆಯಬೇಕಿತ್ತು.

'ಮಿಥ್ಯ' ಥಿಯೇಟರ್‌ನಲ್ಲಿದ್ದಾಗ ನಾನು ಊರಿನಲ್ಲಿರಲಿಲ್ಲ. ಮನೆಯಲ್ಲಿ ಶನಿವಾರ ಮಧ್ಯಾಹ್ನ ಹಾಕಿದೆ. ಹುಡುಗ ಸುಮ್ಮನೆ ಕೂತಿರುವ ಒಂದು ಲಾಂಗ್ ಶಾಟ್ ಬಂತು, ಅಷ್ಟರಲ್ಲಿ ಕುಕ್ಕರ್ ಕೂಗಿತು. ಅದು ಮುಗಿಯಿತು ಅನ್ನುವಾಗ ಕೊರಿಯರ್‌ನವನು ಬೆಲ್ ಮಾಡಿದ. ಡೈಲಾಗ್ ಇರುವ ದೃಶ್ಯವಾದರೆ ಹಿಂದಕ್ಕೆ ಹೋಗಿ ಕೇಳಿಸಿಕೊಳ್ಳಬಹುದು. ಇಂಥ ದೃಶ್ಯದಲ್ಲಿ ಹಿಂದಕ್ಕೆ ಹೋಗಿ ಹುಡುಕುವುದೇನನ್ನು? ನಿಲ್ಲಿಸಿಬಿಟ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟ್ ಆರಿಸಿ, ಫೋನನ್ನು ಇನ್ನೊಂದು ರೂಮಿನಲ್ಲಿಟ್ಟು ಮೊದಲಿನಿಂದ ನೋಡಿದೆ. ಆಗ ಸಿನಿಮಾ ಸಿಕ್ಕಿತು. ನಿಮಗೂ ಅದನ್ನೇ ಹೇಳುವುದು. ಮೌನ ಜಾಸ್ತಿ ಇರುವ ಸಿನಿಮಾಗೆ ಟಿಕೆಟ್ ತೆಗೆದುಕೊಳ್ಳಿ. ಆಗಲಿಲ್ಲ ಅಂದರೆ ಮನೆಯನ್ನೇ ಕತ್ತಲು ಮಾಡಿಕೊಳ್ಳಿ.

ಕತ್ತಲು ಅಂದಾಗ ಮಲಯಾಳಂನ 'ಮಂಜುಮ್ಮೆಲ್ ಬಾಯ್ಸ್' ನೆನಪಾಗುತ್ತದೆ. 2024ರ ಫೆಬ್ರವರಿಯದ್ದು. ಕೊಡೈಕನಾಲ್‌ನ ಗುಣ ಗುಹೆಯಲ್ಲಿ 2006ರಲ್ಲಿ ನಿಜವಾಗಿ ನಡೆದ ಘಟನೆ. ಗುಂಡಿಯೊಳಗೆ ಬಿದ್ದವನ ದೃಶ್ಯಗಳಲ್ಲಿ ಥಿಯೇಟರ್‌ನ ಕತ್ತಲೂ ಗುಹೆಯ ಕತ್ತಲೂ ಒಂದೇ ಆಗಿದ್ದವು. ಅದೇ ದೃಶ್ಯ ನಮ್ಮ ಟಿವಿಯಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು, ಮೇಲೆ ಟ್ಯೂಬ್‌ಲೈಟಿನ ಗೆರೆ ಬೇರೆ ಕಾಣುತ್ತಿತ್ತು.

ಇನ್ನು ದೊಡ್ಡ ಸಿನಿಮಾ. 'ಕಾಂತಾರ: ಅಧ್ಯಾಯ 1' 2025ರ ಅಕ್ಟೋಬರ್ 2ಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ತಂದಿತ್ತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ಮೊದಲ ವಾರ ಮಲ್ಟಿಪ್ಲೆಕ್ಸ್‌ನಲ್ಲಿ ಮನೆಮಂದಿಯೆಲ್ಲ ನೋಡಬೇಕು ಅಂದರೆ ಒಳ್ಳೆಯ ಖರ್ಚೇ ಆಯಿತು. ಸಿನಿಮಾ ನನಗೆ ಇಷ್ಟವಾಯಿತು. ಫಸ್ಟ್ ಹಾಫ್‌ನ ಕಾಮಿಡಿ ಮಾತ್ರ ಹೊಂದಲಿಲ್ಲ. ಕದಂಬರ ಕಾಲದ ಕಥೆಗೆ ಆ ಬಗೆಯ ಮಾತು ಯಾಕೋ ಅಂಟಿಕೊಳ್ಳುವುದಿಲ್ಲ. ಆದರೆ ರಥ ಹಿಡಿತ ತಪ್ಪಿ ಓಡುವ ದೃಶ್ಯ ಅದ್ಭುತ. ಯಾರು ಎಲ್ಲಿದ್ದಾರೆ, ರಥ ಯಾವ ಕಡೆ ತಿರುಗುತ್ತಿದೆ, ಒಂದು ಕ್ಷಣವೂ ಗೊಂದಲವಾಗುವುದಿಲ್ಲ. ಅರವಿಂದ್ ಕಶ್ಯಪ್ ಕ್ಯಾಮೆರಾ ಅಷ್ಟು ಸ್ಪಷ್ಟ. ರುಕ್ಮಿಣಿ ವಸಂತ್ ಅವರ ಕನಕವತಿ ಕೊನೆಗೆ ಹೋಗುವ ದಿಕ್ಕು ನಾನು ನಿರೀಕ್ಷಿಸಿರಲಿಲ್ಲ, ನೋಡದವರಿಗೆ ಅದನ್ನು ಹೇಳಬಾರದು.

ತಿಂಗಳೊಳಗೇ ಪ್ರೈಮ್ ವಿಡಿಯೋಗೆ ಬಂತು. ಮನೆಯಲ್ಲಿ ಮತ್ತೆ ಹಾಕಿದಾಗ ಗಮನಿಸಿದೆ, ರಥದ ದೃಶ್ಯ ಟಿವಿಯಲ್ಲೂ ಚೆನ್ನಾಗಿಯೇ ಇತ್ತು. ಹಿನ್ನೆಲೆ ಸಂಗೀತ ಎದೆಗೆ ಬಡಿಯಲಿಲ್ಲ, ಅಷ್ಟೇ. ಮಧ್ಯೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ಕಥೆ ಕೈ ಬಿಡಲಿಲ್ಲ. ದೊಡ್ಡ ಸಿನಿಮಾ ಮನೆಯಲ್ಲೂ ಬದುಕಿಕೊಳ್ಳುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಮನೆಯಲ್ಲೇ ನೋಡಿ ಅಂತ ಧೈರ್ಯವಾಗಿ ಹೇಳಬಹುದಾದದ್ದು ತಮಿಳಿನ 'ಮೆಯ್ಯಳಗನ್'. ಪ್ರೇಮ್ ಕುಮಾರ್ ನಿರ್ದೇಶನ, 2024. ಊರು ಬಿಟ್ಟು ಹೋದ ಅರವಿಂದ ಸ್ವಾಮಿ ತಂಗಿಯ ಮದುವೆಗೆ ವಾಪಸು ಬರುತ್ತಾರೆ. ಅಲ್ಲಿ ಕಾರ್ತಿ ಇವರಿಗೆ ಅಂಟಿಕೊಂಡುಬಿಡುತ್ತಾರೆ. ಇವನ್ಯಾರು ಅಂತ ಇವರಿಗೆ ನೆನಪಿಲ್ಲ, ಕೇಳಲು ಸಂಕೋಚ. ರಾತ್ರಿಯಿಡೀ ಇಬ್ಬರ ಮಾತು. ಥಿಯೇಟರ್‌ನಲ್ಲಿ ಉದ್ದವಾಯಿತು ಅಂತ ಬಿಡುಗಡೆಯಾದ ಮೇಲೆ ಹದಿನೆಂಟು ನಿಮಿಷ ಕತ್ತರಿಸಿದರು. ಮನೆಯಲ್ಲಿ ಆ ಉದ್ದ ನಮಗೆ ಭಾರವೇ ಆಗಲಿಲ್ಲ. ನಮ್ಮಮ್ಮ ಕೋಲಾರದ ಕಡೆಯವರು, ತಮಿಳು ಚೆನ್ನಾಗಿ ಬರುತ್ತದೆ. ಅರವಿಂದ ಸ್ವಾಮಿ ಬಿಟ್ಟುಹೋದ ಹಳೇ ಸೈಕಲ್‌ನಿಂದ ತನ್ನ ಸಂಸಾರ ಹೇಗೆ ಮೇಲೆ ಬಂತು ಅಂತ ಕಾರ್ತಿ ಹೇಳುವಾಗ ಅಮ್ಮ ಟಿವಿ ನಿಲ್ಲಿಸಲು ಹೇಳಿ, ನಮ್ಮ ತಾತನ ಸೈಕಲ್ ಕಥೆ ಶುರು ಮಾಡಿದರು. ಆಮೇಲೆ ಅರ್ಧ ಗಂಟೆ ಸಿನಿಮಾ ನಿಂತೇ ಇತ್ತು. ಆ ಸಿನಿಮಾವನ್ನು ಹಾಗೆಯೇ ನೋಡಬೇಕು ಅಂತ ನನಗನಿಸುತ್ತದೆ.

'ಶಾಖಾಹಾರಿ'ಯೂ ಮನೆಗೆ ಸರಿ. 2024ರದ್ದು, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಸಣ್ಣ ಊರಿನ ಹೋಟೆಲ್ ಸುಬ್ಬಣ್ಣನಾಗಿ ರಂಗಾಯಣ ರಘು, ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಥಿಯೇಟರ್‌ನಲ್ಲಿ ನೋಡಿದವರು ಕಡಿಮೆ, ಓಟಿಟಿಗೆ ಬಂದ ಮೇಲೆ ಜನ ಮಾತಾಡಿದರು. ರಘು ಅವರನ್ನು ಇಷ್ಟು ವರ್ಷ ಬರೀ ಜೋರು ಮಾತಿನ ಕಾಮಿಡಿಗೆ ಬಳಸಿಕೊಂಡರಲ್ಲ ಅಂತ ಬೇಸರವಾಗುತ್ತದೆ.

'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗ ಹಳೆಯದಾದರೂ ಮತ್ತೆ ನೋಡಿದೆ. ಮೊದಲ ಭಾಗ, ಸೈಡ್ ಎ, ಈಗಲೂ ನನಗೆ ಹೆಚ್ಚು ಇಷ್ಟ. ಹೆಡ್‌ಫೋನ್ ಹಾಕಿಕೊಂಡು ನೋಡಿ, ಚರಣ್ ರಾಜ್ ಸಂಗೀತಕ್ಕೆ ಅದು ಬೇಕೇ ಬೇಕು.

ಅಂದಹಾಗೆ, ಸಣ್ಣ ಸಿನಿಮಾಗೆ ಹೋಗುವುದಾದರೆ ಮೊದಲ ವಾರವೇ ಹೋಗಿ. ಎರಡನೇ ಶುಕ್ರವಾರ ಶೋ ಬೆಳಿಗ್ಗೆ ಹತ್ತಕ್ಕೆ ಒಂದೇ ಉಳಿದಿರುತ್ತದೆ, ಕೆಲಸಕ್ಕೆ ಹೋಗುವವರು ಹೇಗೆ ನೋಡುವುದು? ನಾನು ಸದ್ಯ ಕಾಯುತ್ತಿರುವುದು ನಟೇಶ್ ಹೆಗಡೆ ಅವರ 'ವಾಘಾಚಿಪಾಣಿ'ಯನ್ನು. ಅಚ್ಯುತ್ ಕುಮಾರ್, ದಿಲೀಶ್ ಪೋತನ್ ಇದ್ದಾರೆ, 2025ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಿದರು. ನಾನಿನ್ನೂ ನೋಡಿಲ್ಲ. ನಿಮ್ಮೂರಿನ ಥಿಯೇಟರ್‌ನಲ್ಲಿ ಸಿಕ್ಕರೆ ನಿಮ್ಮ ಆ ತಿಂಗಳ ಟಿಕೆಟ್ ಅದಕ್ಕೇ ಇಡಿ.