ಅಳಿವೆ ಬಲ್ಲ ಹುಡುಗಿಗೆ ಪರಿಸರದ ಕೆಲಸ ಎಲ್ಲಿದೆ?

(ಗುರುತು ಸಿಗಬಾರದೆಂದು ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಸುಮಾ ಕಾರವಾರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ವಿಷಯ ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಮನೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ. ಆಯಿ ಇಳಿತದ ಹೊತ್ತಿಗೆ ಬೆಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಲು ಹೋಗುತ್ತಾರೆ, ಅಪ್ಪನಿಗೆ ಮೀನು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಕೆಲಸ. ಓದು, ಕೆಲಸದ ಬಗ್ಗೆ ಸಲಹೆ ಕೇಳಲು ಅವಳು ನನ್ನ ಬಳಿ ಬಂದಾಗ ಮುಂದೆ ಮೂರು ದಾರಿಗಳಿದ್ದವು, ಮೂರೂ ಬೇರೆಯವರು ತೋರಿಸಿದ್ದು. ಬಿ.ಎಡ್. ಮಾಡಿಬಿಡು ಅಂತ ಸೋದರಮಾವ. 60,000 ರೂಪಾಯಿ ಕಟ್ಟಿದರೆ ಆರು ತಿಂಗಳಲ್ಲಿ ಸಸ್ಟೇನಬಿಲಿಟಿ (ಸುಸ್ಥಿರತೆ) ಸರ್ಟಿಫಿಕೇಟ್, ಕೈತುಂಬ ಸಂಬಳ ಅಂತ ದಿನಾ ಫೋನ್ ಮಾಡುವ ಆನ್‌ಲೈನ್ ಸಂಸ್ಥೆ. ನಿದ್ದೆ ಕೆಡಿಸಿದ್ದು ಮೂರನೆಯದು. ಕರಾವಳಿಯ ಯೋಜನೆಯೊಂದಕ್ಕೆ ಪರಿಸರ ಪರಿಣಾಮದ ಅಧ್ಯಯನ ಮಾಡುವ ಕನ್ಸಲ್ಟೆನ್ಸಿಯವರು ಅವಳ ಊರಿನ ಸುತ್ತಲೇ ಮನೆಮನೆ ಸರ್ವೆಗೆ ದಿನಗೂಲಿಯ ಮೇಲೆ ಕರೆದಿದ್ದರು. ಆ ಯೋಜನೆಗೆ ಊರಲ್ಲಿ ವಿರೋಧವಿದೆ.

"ಮೇಡಂ, ನಾನು ಹುಡುಕ್ತಾ ಇದ್ದದ್ದು ಪರಿಸರದ ಕೆಲಸಾನೇ. ಆದ್ರೆ ಇದನ್ನ ಮಾಡಿದ್ರೆ ಊರಿಗೆ ದ್ರೋಹ ಆಗ್ತದಾ?"

ನಾನು ತಕ್ಷಣ ಉತ್ತರ ಹೇಳಲಿಲ್ಲ. ನಿನಗೆ ಏನು ಬರುತ್ತದೆ ಎಂದು ಕೇಳಿದೆ. "ಏನೂ ಇಲ್ಲ ಮೇಡಂ, ಬರೀ ಬಿ.ಎಸ್ಸಿ." ಅಂದಳು. ಈ ಮಾತನ್ನು ಈ ಜಿಲ್ಲೆಯ ಮಕ್ಕಳ ಬಾಯಲ್ಲಿ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೇಗೆ ಅಳೆಯುತ್ತೀ ಎಂದು ಕೇಳಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಬಾಟಲಿಯಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. ಆಮ್ಲ ಹಾಕಿ ಕರಗಿಸಿ, ಥಯೋಸಲ್ಫೇಟ್ ಬಿಡುತ್ತಾ ಬಂದು, ಬಣ್ಣ ತೆಳುವಾದಾಗ ಪಿಷ್ಟ ಹಾಕಿ, ನೀಲಿ ಮಾಯವಾದ ಹನಿಗೆ ನಿಲ್ಲಿಸಬೇಕು. ಪುಸ್ತಕ ಒಪ್ಪಿಸಿದ ಹಾಗಿರಲಿಲ್ಲ, ಕೈಯಲ್ಲಿ ಬ್ಯೂರೆಟ್ (ಹನಿಹನಿಯಾಗಿ ಬಿಡುವ ಅಳತೆಯ ಕೊಳವೆ) ಹಿಡಿದೇ ಹೇಳಿದ ಹಾಗಿತ್ತು.

ಅಲ್ಲಿಂದ ಮಾತು ಸಲೀಸಾಯಿತು. ಸಸ್ಟೇನಬಿಲಿಟಿ ಎಂಬ ಹೆಸರಿನ ಒಂದೇ ಒಂದು ಹುದ್ದೆ ಇಲ್ಲ, ಅದರೊಳಗೆ ಹತ್ತಾರು ಕಸುಬುಗಳಿವೆ ಎಂದು ವಿವರಿಸಿದೆ. ಆನ್‌ಲೈನ್ ಸಂಸ್ಥೆ ಆಸೆ ತೋರಿಸುತ್ತಿದ್ದದ್ದು ಕಂಪನಿಗಳ ವರದಿ ಬರೆಯುವ ಕೆಲಸಕ್ಕೆ. ಅದು ಸುಳ್ಳಲ್ಲ. ಷೇರುಪೇಟೆಯ ದೊಡ್ಡ 1,000 ಕಂಪನಿಗಳು 2022-23ರಿಂದ ಬಿ.ಆರ್.ಎಸ್.ಆರ್. ಎಂಬ ಹೊಣೆಗಾರಿಕೆ ವರದಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಎಷ್ಟು ನೀರು ಬಳಸಿದಿರಿ, ಎಷ್ಟು ಹೊಗೆ ಬಿಟ್ಟಿರಿ, ಕಸ ಎಲ್ಲಿ ಹೋಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಆದರೆ ಆ ಕುರ್ಚಿಗಳು ಹೆಚ್ಚಾಗಿ ಬೆಂಗಳೂರು, ಮುಂಬೈಗಳಲ್ಲಿವೆ. ಅಲ್ಲಿ ಎಂಜಿನಿಯರು, ಅಕೌಂಟ್ಸ್ ಓದಿದವರ ಜತೆ ಪೈಪೋಟಿ ಮಾಡಬೇಕು. ಅದಕ್ಕೂ ಮೊದಲು, ಆ ಲೆಕ್ಕ ಹುಟ್ಟುವುದು ಕಾರ್ಖಾನೆಯ ನೀರು ಶುದ್ಧೀಕರಣ ಘಟಕದಲ್ಲಿ, ಲ್ಯಾಬಿನಲ್ಲಿ. ದಾಂಡೇಲಿಯ ಕಾಗದದ ಕಾರ್ಖಾನೆ ಇರಲಿ, ಬಿಣಗಾದ ರಾಸಾಯನಿಕ ಕಾರ್ಖಾನೆ ಇರಲಿ, ಹೊರಬಿಡುವ ನೀರನ್ನು ಅಳೆಯುವವರು ಬೇಕೇ ಬೇಕು. ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂದು ಅಳೆಯುವ ಬಿ.ಓ.ಡಿ. ಪರೀಕ್ಷೆಯನ್ನು ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮಾಡುತ್ತಾರೆ, ಅದು ಅವಳಿಗೆ ಈಗಲೇ ಗೊತ್ತು. ಹಾಗಾಗಿ 60,000 ಕಟ್ಟಬೇಡ ಎಂದು ಕಡ್ಡಿ ಮುರಿದಂತೆ ಹೇಳಿದೆ. ಮೊದಲ ಎರಡು ವರ್ಷ ಅಳೆಯುವ ಕೈ ಗಟ್ಟಿಯಾಗಲಿ, ವರದಿ ಬರೆಯುವುದನ್ನು ಆಮೇಲೆ ಕಲಿಯಬಹುದು.

ಆಯಿಯನ್ನು ಒಮ್ಮೆ ಕರೆಸಿದೆ. "ಓದಿದ ಮಗ್ಳು ಮತ್ತೆ ಈ ಕೆಸರಿಗೇ ಬರೂದಾದ್ರೆ ಕಾಲೇಜಿಗೆ ಯಾಕೆ ಕಳ್ಸಬೇಕಿತ್ತು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸೊಂಟದ ಮಟ್ಟದ ನೀರಲ್ಲಿ ನಿಂತು, ಕಾಲಿನಲ್ಲೇ ತಡಕಿ ಬೆಳಚು ಎತ್ತುವ ಬದುಕು ಮಗಳಿಗೆ ಬೇಡ ಎಂದು ಅವರು ಅಂದುಕೊಂಡರೆ ಅದು ತಪ್ಪಲ್ಲ. ಆದರೆ ಮಾತಿನ ನಡುವೆ ಅವರೇ ಹೇಳಿದರು: ಮಳೆ ಜೋರಾಗಿ ಸಿಹಿನೀರು ನುಗ್ಗಿದ ವರ್ಷ ಬೆಳಚು ಸಾಯುತ್ತದೆ, ಯಾವ ದಿಬ್ಬದಲ್ಲಿ ಮೊದಲು ಸಾಯುತ್ತದೆ ಎಂಬುದೂ ಗೊತ್ತು ಅಂತ. ಹಲವು ಯೋಜನೆಗಳ ಪರಿಸರ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎನ್ನುತ್ತಾರೆ. ಉಪ್ಪುನೀರು ಮಳೆಗಾಲದಲ್ಲಿ ಹೆಚ್ಚುಕಡಿಮೆ ಸಿಹಿಯಾಗಿಬಿಡುವ ಅಳಿವೆಗೆ ಈ ಒಂದು ಋತುವಿನ ಲೆಕ್ಕ ಎಷ್ಟು ಅರೆಬರೆ! ಅದನ್ನು ಅಂಕಿ ಸಮೇತ ತೋರಿಸಬಲ್ಲವರು ಬೇಕು. ಆಯಿಯ ತಿಳಿವಳಿಕೆ, ಮಗಳ ಬ್ಯೂರೆಟ್ ಎರಡೂ ಒಂದೇ ಮನೆಯಲ್ಲಿವೆ. ಇದನ್ನು ನಾನು ಆಯಿಗೇ ಬಿಡಿಸಿ ಹೇಳಿದೆ.

ಹೀಗಾಗಿ ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಗೈಡ್ ಹೇಳಿದ ಹಳೆಯ ವಿಷಯ ಬಿಟ್ಟು, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತಕ್ಕೆ ಒಂದೇ ಜಾಗಕ್ಕೆ ಹೋಗಿ ಲವಣಾಂಶ, ಆಮ್ಲಜನಕ, ಉಷ್ಣತೆ ದಾಖಲಿಸು, ಚೌಕಟ್ಟು ಇಟ್ಟು ಅದರೊಳಗಿನ ಬೆಳಚು ಎಣಿಸು ಎಂದೆ. ಮಳೆಗಾಲದಲ್ಲೂ ಬಿಡಬೇಡ, ಆದರೆ ಒಬ್ಬಳೇ ನೀರಿಗಿಳಿಯಬೇಡ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಉಚಿತ, ಕಾಲೇಜಿನ ಕಂಪ್ಯೂಟರಿನಲ್ಲೇ ಕಲಿಯಬಹುದು. ಅಳಿವೆ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದೆ ಎಂದು 2024ರ ಜನವರಿಯಲ್ಲಿ ಪ್ರಕಟವಾದದ್ದರಿಂದ ಅವಳಿಗೆ ತುಂಬಾ ಭರವಸೆ ಇತ್ತು. ಪಟ್ಟಿ ಸೇರಿದ ಮಾತ್ರಕ್ಕೆ ಹುದ್ದೆ ಹುಟ್ಟುವುದಿಲ್ಲ, ಆದರೆ ಅಲ್ಲಿನ ನೀರಿನ ದಾಖಲೆ ಇಟ್ಟವರ ಮಾತಿಗೆ ತೂಕ ಬರುತ್ತದೆ ಎಂದು ನೇರವಾಗಿ ಹೇಳಿದೆ.

ಮುಂದಿನ ಓದಿಗೆ ಕಾರವಾರದ ಕೋಡಿಬಾಗದಲ್ಲಿರುವ ಕಡಲಜೀವಶಾಸ್ತ್ರ ವಿಭಾಗ ಅವಳಿಗೆ ಹತ್ತಿರದ್ದು. ಶಿರಸಿಯ ಅರಣ್ಯ ಕಾಲೇಜಿನ ಬಗ್ಗೆಯೂ ಕೇಳಿದಳು. ಅಲ್ಲಿಯ ಬಿ.ಎಸ್ಸಿ.ಗೆ ಪಿಯುಸಿ ಆದಮೇಲೆ ಸಿಇಟಿ ಮೂಲಕ ಸೇರಬೇಕು, ಆದ್ದರಿಂದ ಅದು ಪಿಯುಸಿ ಓದುತ್ತಿರುವ ತಮ್ಮನಿಗೆ ಹೇಳಬೇಕಾದ ದಾರಿ. ಸ್ನಾತಕೋತ್ತರ ಓದಿಗೆ ದಾರಿಯಾಗುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನದ ಪತ್ರಿಕೆಯೂ ಇದೆ. ಮಾವ ಹೇಳಿದ ಬಿ.ಎಡ್. ಕೆಟ್ಟದ್ದೇನಲ್ಲ, ಆದರೆ ಅವಳಿಗೆ ಪಾಠ ಹೇಳುವುದರಲ್ಲಿ ಮನಸ್ಸಿಲ್ಲ.

ಇನ್ನು ಸರ್ವೆಯ ವಿಷಯ. ಕನ್ಸಲ್ಟೆನ್ಸಿ ಕೆಲಸವೇ ದ್ರೋಹ ಅಂತ ನಾನು ನಂಬುವುದಿಲ್ಲ. ನೆಟ್ಟಗೆ ಅಳೆಯುವವರು ಒಳಗಿಲ್ಲದಿದ್ದರೆ ವರದಿ ಇನ್ನೂ ಹಾಳಾಗುತ್ತದೆ. ಆದರೆ ನಾಲ್ಕು ಪ್ರಶ್ನೆಗಳನ್ನು ಬರಹದಲ್ಲಿ ಕೇಳು ಎಂದೆ. ಅಧ್ಯಯನ ಮಾಡಿಸುತ್ತಿರುವವರು ಯಾರು? ನಿಮಗೆ ನ್ಯಾಬೆಟ್ (ಇಂಥ ಅಧ್ಯಯನ ಮಾಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇದೆಯೇ? ನಾನು ಬರೆದ ಉತ್ತರಗಳು ಕೊನೆಯ ಕರಡಿನಲ್ಲಿ ಹೇಗೆ ಬಂದಿವೆ ಎಂದು ತೋರಿಸುತ್ತೀರಾ? ಮನೆಯವರು ಬೇಡವೆಂದರೆ ಅದನ್ನೂ ದಾಖಲಿಸುತ್ತೀರಾ? ಜತೆಗೆ, ಮೊದಲ ಕೆಲಸವನ್ನು ಸ್ವಂತ ಊರಿನಲ್ಲಿ, ಅಪ್ಪ ಅಮ್ಮ ದಿನಾ ಎದುರಾಗಬೇಕಾದ ಜನರ ನಡುವೆ ಮಾಡಬೇಡ ಎಂದೂ ಹೇಳಿದೆ. ಪರಿಸರ ಪರಿಣಾಮದ ಅಧ್ಯಯನದ ಬಗೆಗಿನ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಇದ್ದರೆ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಅದನ್ನು ತಂದು ಓದು, ಅಹವಾಲಿನ ದಿನ ಹೋಗಿ ಕೂತು ಕೇಳು.

ಪ್ರಶ್ನೆಗಳಲ್ಲಿ ಎರಡಕ್ಕೆ ಮಾತ್ರ ಉತ್ತರ ಬಂತು. ಅವಳು ಬೇಡ ಎಂದು ಬರೆದು ಕಳಿಸಿದಳು. ಪ್ರಾಜೆಕ್ಟಿನ ವಿಷಯ ಬದಲಿಸಲು ಗೈಡ್ ಒಪ್ಪಿದ್ದಾರೆ. ಎಂ.ಎಸ್ಸಿ. ಸೀಟು ಸಿಗದಿದ್ದರೆ ಒಂದು ವರ್ಷ ಲ್ಯಾಬ್ ಕೆಲಸ ಎಂಬ ತೀರ್ಮಾನಕ್ಕೆ ಬಂದಿದ್ದೇವೆ. ಮಗಳು ದಾಂಡೇಲಿಗೋ ಹುಬ್ಬಳ್ಳಿಗೋ ಒಬ್ಬಳೇ ಹೋಗಿ ಇರುವುದು ಅಪ್ಪನಿಗೆ ಇನ್ನೂ ಒಪ್ಪಿಗೆಯಿಲ್ಲ. ಬೋಟು ದಡದಲ್ಲಿರುವ ದಿನ ನೋಡಿ ಅವರನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.