ಹೀಲಿಯಂ ಎಂಬ ಹೆಸರಿನ ಮೂಲ

ಪ್ರಶ್ನೆ: ಬಲೂನಿಗೆ ತುಂಬುವ ಹೀಲಿಯಂ ಅನಿಲದ ಹೆಸರು ಗ್ರೀಕ್ ಭಾಷೆಯ ‘ಸೂರ್ಯ’ ಎಂಬ ಪದದಿಂದ ಬಂದಿದೆ ಎಂದು ಓದಿದೆ. ಈ ಅನಿಲಕ್ಕೂ ಸೂರ್ಯನಿಗೂ ಏನು ಸಂಬಂಧ? ಅದೇ ಗುಂಪಿನ ನಿಯಾನ್, ಆರ್ಗಾನ್‌ಗಳಂತೆ ಇದರ ಹೆಸರೇಕೆ ‘ಆನ್’ ಎಂದು ಮುಗಿಯುವುದಿಲ್ಲ?

ಉತ್ತರ: ತಾವು ಓದಿದ್ದು ಸರಿ. ಗ್ರೀಕರು ಸೂರ್ಯನನ್ನು ‘ಹೇಲಿಯೊಸ್’ ಎಂದು ಕರೆಯುತ್ತಿದ್ದರು. ಹೀಲಿಯಂ ಭೂಮಿಯ ಮೇಲೆ ಸಿಗುವುದಕ್ಕೆ ಬಹಳ ಮೊದಲೇ ಸೂರ್ಯನಲ್ಲಿ ಗೋಚರಿಸಿದ ಧಾತುವಾದ್ದರಿಂದ ಆ ಹೆಸರು ಅದಕ್ಕೆ ಸಂದಿತು.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಿಂದ ವೀಕ್ಷಿಸಿದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಗಳ ರೋಹಿತವನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪಟ್ಟಿ) ಗ್ರಹಣವಿಲ್ಲದ ದಿನವೂ ಪರೀಕ್ಷಿಸಬಹುದೆಂದು ಕಂಡುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಸ್ವತಂತ್ರವಾಗಿ ಈ ವಿಧಾನವನ್ನೇ ಅನುಸರಿಸಿ, ಆ ಜ್ವಾಲೆಗಳ ರೋಹಿತದಲ್ಲಿದ್ದ ಒಂದು ಹಳದಿ ಗೆರೆಯನ್ನು ಗುರುತಿಸಿದರು. ಸೋಡಿಯಂನ ಪ್ರಸಿದ್ಧ ಜೋಡಿಗೆರೆಗಳು 589 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿದ್ದರೆ ಇದು 587.6ರಲ್ಲಿತ್ತು. ಅಂತರ ಕೂದಲೆಳೆಯಷ್ಟಾದರೂ, ಆವರೆಗೆ ಗೊತ್ತಿದ್ದ ಯಾವ ವಸ್ತುವಿನ ಜ್ವಾಲೆಯಲ್ಲಿಯೂ ಆ ಗೆರೆ ಕಾಣಿಸುತ್ತಿರಲಿಲ್ಲ. ಇದು ಹೊಸ ಧಾತುವೆಂದು ಭಾವಿಸಿದ ಲಾಕಿಯರ್ ಮತ್ತು ರಸಾಯನವಿಜ್ಞಾನಿ ಫ್ರಾಂಕ್ಲಂಡ್ ಸೂಚಿಸಿದ ಹೆಸರೇ ಹೀಲಿಯಂ. ಕೇವಲ ಒಂದು ಗೆರೆಯನ್ನು ನಂಬಿ ಧಾತುವೊಂದಕ್ಕೆ ಹೆಸರಿಡುವುದು ನಿಜಕ್ಕೂ ಧೈರ್ಯದ ಕೆಲಸ. 1895ರಲ್ಲಿ ವಿಲಿಯಂ ರ್‍ಯಾಮ್ಸೆ, ಯುರೇನಿಯಂ ಇರುವ ಕ್ಲೀವೈಟ್ ಎಂಬ ಖನಿಜದಿಂದ ಹೊರಟ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ಆ ಧೈರ್ಯ ಸಾರ್ಥಕವಾಯಿತು.

ಇನ್ನು ಹೆಸರಿನ ಕೊನೆಯ ವಿಚಾರ. ಸೋಡಿಯಂ, ಪೊಟ್ಯಾಸಿಯಂಗಳಂತೆ ಹೊಸ ಲೋಹಗಳ ಹೆಸರಿಗೆ ‘ಇಯಂ’ ಎಂಬ ಲ್ಯಾಟಿನ್ ಪ್ರತ್ಯಯ ಸೇರಿಸುವುದು ಆ ಕಾಲದ ರೂಢಿಯಾಗಿತ್ತು. ಕಣ್ಣಿಗೆ ಬಿದ್ದದ್ದು ಗೆರೆ ಮಾತ್ರವಾದ್ದರಿಂದ, ಅದು ಅನಿಲವೆಂದು ತಿಳಿಯುವ ಮಾರ್ಗ ಆಗ ಇರಲಿಲ್ಲ. ತಿಳಿಯುವ ಹೊತ್ತಿಗೆ ಹೆಸರು ಊರಿಹೋಗಿತ್ತು. ಆರ್ಗಾನ್ (ಜಡ), ನಿಯಾನ್ (ಹೊಸತು), ಕ್ರಿಪ್ಟಾನ್ (ಅಡಗಿದ್ದು), ಕ್ಸೆನಾನ್ (ಅಪರಿಚಿತ) ಎಂಬಿವು ಮಾತ್ರ ಆದ್ಯಂತ ಗ್ರೀಕ್ ಪದಗಳೇ.

ನಮ್ಮ ಓದುಗರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೇಲಿಯೊಸ್ ಮತ್ತು ಸಂಸ್ಕೃತದ ‘ಸೂರ್ಯ’ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದ ಪದಗಳು. ಪದದ ಮೊದಲಲ್ಲಿ ಸ್ವರಕ್ಕೆ ಮುಂಚೆ ಇದ್ದ ಸಕಾರ ಗ್ರೀಕ್‌ನಲ್ಲಿ ಸಾಮಾನ್ಯವಾಗಿ ಹಕಾರವಾಯಿತು. ‘ಸಪ್ತ’ಕ್ಕೆ ಅಲ್ಲಿ ‘ಹೆಪ್ಟ’ ಎನ್ನುತ್ತಾರೆ. ಸರೀಸೃಪಗಳ ಅಧ್ಯಯನಕ್ಕೆ ಇಂಗ್ಲಿಷಿನಲ್ಲಿರುವ ‘ಹರ್ಪೆಟಾಲಜಿ’ ಎಂಬ ಹೆಸರಿನಲ್ಲಿರುವ ಗ್ರೀಕ್ ಪದಕ್ಕೂ ನಮ್ಮ ‘ಸರ್ಪ’ಕ್ಕೂ ತೆವಳುವುದೆಂಬ ಅರ್ಥ ಒಂದೇ, ಮೂಲವೂ ಒಂದೇ.