ಅಂಗಳದ ಸೋಡಿಯಂ ಲೈಟ್ ಆರಿ ಆರಿ ಹತ್ತೋದಕ್ಕೆ

ಅಡಿಕೆ ಸುಲಿಯೋ ಅಂಗಳದ 400 ವ್ಯಾಟ್ ಸೋಡಿಯಂ ಫ್ಲಡ್‌ಲೈಟ್ ಪೂರ್ತಿ ಬೆಳಕು ಬಂದ್ಮೇಲೆ ಆರಿಹೋಗಿ ಸ್ವಲ್ಪ ಹೊತ್ತಿಗೆ ತಾನೇ ಹತ್ತುತ್ತೆ, ಬಲ್ಬಾ ಚೋಕಾ ಅಂತ ಕೇಳಿದ್ರಿ. ಹೆಚ್ಚಾಗಿ ಬಲ್ಬೇ ಮಾರಾಯ್ರೆ. ಹಳೇದಾದ ಹಾಗೆ ಅದಕ್ಕೆ ಬೇಕಾದ ವೋಲ್ಟೇಜ್ ಏರ್ತಾ ಹೋಗುತ್ತೆ, ಅಷ್ಟನ್ನ ಚೋಕ್ ಕೈಲಿ ಕೊಡಕ್ಕಾಗಲ್ಲ, ಆರುತ್ತೆ, ತಣ್ಣಗಾದ್ಮೇಲೆ ಇಗ್ನೈಟರ್ ಮತ್ತೆ ಹತ್ತಿಸುತ್ತೆ. ಆದ್ರೆ ತೋಟದ ಪಂಪ್‌ಸೆಟ್ ಸ್ಟಾರ್ಟ್ ಆದಾಗ್ಲೇ ಆರ್ತಿದ್ರೆ ಅದು ನಮ್ಮ ಕಡೆ ಲೋ ವೋಲ್ಟೇಜ್ ಕಾಟ, ಮೊದ್ಲು ಅದನ್ನ ನೋಡಿ.

ನೀವೇ ಏಣಿ ಹತ್ತೋದಾದ್ರೆ ದಯವಿಟ್ಟು ಸ್ವಿಚ್ ಮಾತ್ರ ನಂಬ್ಬೇಡಿ, ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಲ್ಲಿಟ್ಕೊಳ್ಳಿ, ಯಾಕಂದ್ರೆ ಲೈಟ್ ಆರಿದೆ ಅಂದ್ರೆ ಕರೆಂಟ್ ಇಲ್ಲ ಅಂತಲ್ಲ, ಇಗ್ನೈಟರ್ ಆಗ್ಲೇ ಸಾವಿರಾರು ವೋಲ್ಟಿನ ಪಲ್ಸ್ ಹೊಡೀತಿರುತ್ತೆ. ಬಲ್ಬ್ ಪೂರ್ತಿ ತಣ್ಣಗಾಗೋ ತನಕ ಮುಟ್ಬೇಡಿ, ಕೆಪ್ಯಾಸಿಟರ್‌ನಲ್ಲೂ ಚಾರ್ಜ್ ಉಳಿದಿರುತ್ತೆ. ಅಲ್ಯೂಮಿನಿಯಂ ಏಣಿ, ಒದ್ದೆ ಅಂಗಳ, ಎರಡೂ ಬೇಡ. ಹೊಸ ಬಲ್ಬ್ ಸೋಡಿಯಂದೇ ಆಗಿರ್ಲಿ, ವ್ಯಾಟ್ ಚೋಕ್ ಮೇಲೆ ಬರೆದಿರೋದೇ ಇರ್ಲಿ.

ಬಿಚ್ಚಿದಾಗ ಹೋಲ್ಡರ್ ನೋಡಿ, ಪಿಂಗಾಣಿ ಬಿರುಕು ಬಿಟ್ಟಿದ್ರೆ ಅಥ್ವಾ ಮಧ್ಯದ ಹಿತ್ತಾಳೆ ನಾಲಿಗೆ ಕಪ್ಪಾಗಿದ್ರೆ ಅದನ್ನೂ ಬದಲಿಸಿ. ಗಾಜಿನ ಸುತ್ತ ಇರೋ ರಬ್ಬರ್ ಗ್ಯಾಸ್ಕೆಟ್ ಹಳೇದಾಗಿ ಗಡುಸಾದ್ರೆ ಮಲೆನಾಡಿನ ಮಳೆ ನೀರು ಒಳಗೆ ಹೋಗುತ್ತೆ, ಕಾದ ಬಲ್ಬಿಗೆ ಹನಿ ಬಿದ್ರೆ ಒಡೆಯುತ್ತೆ. ಕೇಬಲ್ ಕೆಳಗಿಂದ ಒಳಗೆ ಹೋಗ್ಲಿ, ಸ್ವಲ್ಪ ಜೋತುಬಿಟ್ಟು ಕಟ್ಟಿದ್ರೆ ನೀರು ಅಲ್ಲೇ ತೊಟ್ಟಿಕ್ಕುತ್ತೆ. ಅರ್ಥಿಂಗ್ ಇಲ್ದೆ ಕಬ್ಬಿಣದ ಕಂಬದಲ್ಲಿ ಲೈಟ್ ಹಾಕ್ಲೇಬೇಡಿ, ಕೆಳಗೆ ಹೆಂಗಸ್ರು ರಾತ್ರಿಯೆಲ್ಲ ಕೂತು ಸುಲೀತಾರೆ. ಹಳೇ ಬಲ್ಬ್ ಒಡೀಬೇಡಿ, ಒಳಗೆ ಪಾದರಸ ಇರುತ್ತೆ.